ಶಿರ್ವದ ದೂರು ತಲುಪಬೇಕಾದ ವಿಳಾಸ

2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ಸಂಸ್ಥೆಯು ವಿಂಡೋಸ್ 10ಕ್ಕೆ ನೀಡುತ್ತಿದ್ದ ಸಾಮಾನ್ಯ ಬೆಂಬಲವನ್ನು ನಿಲ್ಲಿಸಿತು. ಮಹಾನಗರದ ದೊಡ್ಡ ಕಚೇರಿಗಳಿಗೆ ಇದು ಒಂದು ಸುತ್ತೋಲೆಯಲ್ಲಿ ಮುಗಿದುಹೋದ ಸಂಗತಿ. ಉಡುಪಿ ಜಿಲ್ಲೆಯ ಶಿರ್ವದಂಥ ಊರಿನಲ್ಲಿ ಅದು ಅಷ್ಟು ಸುಲಭವಾಗಿ ಮುಗಿಯಲಿಲ್ಲ. ಇಲ್ಲಿಯ ಶಾಲೆಯೊಂದರಲ್ಲಿ ಹನ್ನೆರಡು ಕಂಪ್ಯೂಟರುಗಳಿವೆ. ಮುಂಬಯಿಯಲ್ಲಿ, ಕೊಲ್ಲಿ ರಾಷ್ಟ್ರಗಳಲ್ಲಿ ದುಡಿಯುತ್ತಿರುವ ಹಳೆ ವಿದ್ಯಾರ್ಥಿಗಳು ಸೇರಿ ಕೊಡಿಸಿದ್ದು. ವಿಂಡೋಸ್ 11 ಬಯಸುವ ಭದ್ರತಾ ಚಿಪ್ಪು ಅವುಗಳಲ್ಲಿ ಒಂದರಲ್ಲಿಯೂ ಇಲ್ಲ. ಯಂತ್ರಗಳೇನೂ ಕೆಟ್ಟಿರಲಿಲ್ಲ, ಕೆಟ್ಟಿವೆ ಎಂದು ಘೋಷಿಸಲ್ಪಟ್ಟಿದ್ದವು, ಅಷ್ಟೆ. ಇವನ್ನು ಗುಜರಿಗೆ ಹಾಕಿ ಮತ್ತೆ ದಾನಿಗಳ ಮುಂದೆ ಕೈಚಾಚುವುದೇ, ಬೇರೆ ದಾರಿಯಿದೆಯೇ ಎಂದು ಆಡಳಿತ ಮಂಡಳಿಯವರು ನಿವೃತ್ತ ಅಧ್ಯಾಪಕನಾದ ನನ್ನನ್ನು ಕೇಳಿದರು. ಲಿನಕ್ಸ್ ಹಾಕಿ ನೋಡೋಣ ಎಂದೆ.

ಮಕ್ಕಳಿಂದ ದೂರು ಬರಲಿಲ್ಲ. ಮಕ್ಕಳಿಗೆ ಯಾವ ಕಾರ್ಯಾಚರಣ ವ್ಯವಸ್ಥೆಯಾದರೂ ಎರಡು ದಿನದ ಮಾತು. ದೂರು ಬಂದದ್ದು ಶಾಲೆಯ ಪ್ರಶ್ನೆಪತ್ರಿಕೆ, ಆಮಂತ್ರಣ, ವಾರ್ಷಿಕೋತ್ಸವದ ಬಹುಮಾನ ಪಟ್ಟಿಗಳನ್ನು ಟೈಪು ಮಾಡಿಕೊಡುವ ಡಿಟಿಪಿ ಹುಡುಗನಿಂದ. ಅವನು ನನ್ನ ಹಳೆಯ ಶಿಷ್ಯ. 'ಮಾಷ್ಟ್ರೆ, ಉಂದು ಸರಿ ಬರ್ಪುಜಿ' ಎಂದು ತುಳುವಿನಲ್ಲೇ ತಕರಾರು ತೆಗೆದ. ಏನು ಸರಿಬರುತ್ತಿಲ್ಲ ಎಂದು ಕುಳಿತು ನೋಡಿದೆ. ಹಿಂದಿನ ವರ್ಷದ ಪಟ್ಟಿಯಲ್ಲಿದ್ದ 'ರ‍್ಯಾಂಕ್' ಎಂಬ ಪದವನ್ನು ಹುಡುಕಿ ಬದಲಿಸಲು ಹೊರಟರೆ ಯಂತ್ರವು ಅಂಥ ಪದವೇ ಇಲ್ಲವೆನ್ನುತ್ತಿತ್ತು. ಪದ ಕಣ್ಣೆದುರಿಗೇ ಇತ್ತು.

ಈ ಸಣ್ಣ ತೊಂದರೆಯನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಕನ್ನಡದಲ್ಲಿ ರಕಾರಕ್ಕೆ ಯಕಾರ ಸೇರಿದಾಗ ಎರಡು ರೂಪಗಳು ಸಾಧ್ಯ. 'ಸೂರ್ಯ' ಎಂಬಲ್ಲಿ ಅರ್ಕಾವೊತ್ತು ಬರುತ್ತದೆ. 'ರ‍್ಯಾಂಕ್' ಎಂಬಲ್ಲಿ ರಕಾರವು ಪೂರ್ಣವಾಗಿ ನಿಂತು ಯಕಾರ ಒತ್ತಾಗುತ್ತದೆ. ಈ ಎರಡನೆಯ ರೂಪ ಬೇಕೆಂದು ಯಂತ್ರಕ್ಕೆ ತಿಳಿಸಲು ಕಣ್ಣಿಗೆ ಕಾಣದ ಜೋಡಕ ಸಂಕೇತವೊಂದನ್ನು ಸೇರಿಸಬೇಕು. ಯೂನಿಕೋಡ್ ಶಿಷ್ಟತೆಯ ಪ್ರಕಾರ ಮೊದಲು ರ, ಬಳಿಕ ಜೋಡಕ, ಆಮೇಲೆ ವಿರಾಮಚಿಹ್ನೆ, ಕೊನೆಗೆ ಯ. ವಿರಾಮಚಿಹ್ನೆಯ ನಂತರ ಜೋಡಕವನ್ನಿಟ್ಟ ಬರಹಗಳೂ ಬೇಕಾದಷ್ಟಿವೆ. ಪರದೆಯ ಮೇಲೆ ಎರಡೂ ಒಂದೇ ರೀತಿ ಕಾಣಬಹುದು. ಯಂತ್ರದ ಒಳಗೆ ಅವು ಬೇರೆ ಬೇರೆ ಪದಗಳು. ಹುಡುಕುವ ತಂತ್ರಾಂಶವು ಈ ಎರಡನ್ನೂ ಒಂದೆಂದು ಎಣಿಸಬೇಕು ಎಂಬುದು ಡಿಟಿಪಿ ಹುಡುಗನ ಬೇಡಿಕೆ. ಅವನು ಅದನ್ನು ಈ ಮಾತುಗಳಲ್ಲಿ ಹೇಳಲಿಲ್ಲ. 'ಸರಿ ಬರ್ಪುಜಿ' ಎಂದ. ಆ ತುಳು ಮಾತಿಗೂ ತಂತ್ರಾಂಶ ತಿದ್ದುವವನ ಮೇಜಿಗೂ ನಡುವಿನ ಅಂತರವೇ ಈ ಲೇಖನದ ವಿಷಯ.

ಮುಕ್ತ ತಂತ್ರಾಂಶದ ಹೆಗ್ಗಳಿಕೆಯೆಂದರೆ ಅದು ಬಳಕೆದಾರನ ಮಾತು ಕೇಳುತ್ತದೆ ಎಂಬುದು. 1983ರಲ್ಲಿ ರಿಚರ್ಡ್ ಸ್ಟಾಲ್ಮನ್ ಗ್ನೂ ಯೋಜನೆಯನ್ನು ಘೋಷಿಸಿದಾಗಲೂ 1991ರಲ್ಲಿ ಲಿನಸ್ ಟೊರ್ವಾಲ್ಡ್ಸ್ ತನ್ನ ಕರ್ನೆಲ್ಲನ್ನು ಬಿಡುಗಡೆ ಮಾಡಿದಾಗಲೂ ಹಿಂದಿದ್ದ ನಂಬಿಕೆ ಇದೇ: ಮೂಲ ಸಂಕೇತ ಎಲ್ಲರ ಕೈಗೆ ಸಿಗಲಿ, ಕಂಡ ದೋಷವನ್ನು ಕಂಡವರು ತಿದ್ದಲಿ. 2004ರಲ್ಲಿ ಆರಂಭವಾದ ಉಬುಂಟು ಈ ನಂಬಿಕೆಯನ್ನು ಜನಸಾಮಾನ್ಯರ ಮೇಜಿಗೆ ತಂದಿತು. ಆ ದಿನಗಳಲ್ಲಿ ಕೇಳಿಕೊಂಡವರಿಗೆ ಅವರು ಸಿ.ಡಿ.ಗಳನ್ನು ಅಂಚೆಯಲ್ಲಿ ಪುಕ್ಕಟೆಯಾಗಿ ಕಳುಹಿಸುತ್ತಿದ್ದರು. 2011ರವರೆಗೂ ಆ ವ್ಯವಸ್ಥೆಯಿತ್ತು. ನನಗೂ ಒಂದು ಕಟ್ಟು ಬಂದಿತ್ತು. ವಿದೇಶದಿಂದ ಹಣ ಕೇಳದೆ ಬಂದ ಪಾರ್ಸೆಲನ್ನು ಅಂಚೆಯಣ್ಣ ಸಂಶಯದಿಂದಲೇ ಕೊಟ್ಟ ನೆನಪು.

ಉಬುಂಟುವಿನ ಸ್ಥಾಪಕ ಮಾರ್ಕ್ ಶಟಲ್‌ವರ್ತ್ 2004ರಲ್ಲಿ ದೋಷ ಪಟ್ಟಿಯ ಒಂದನೆಯ ಸಂಖ್ಯೆಯಾಗಿ ದಾಖಲಿಸಿದ್ದು ತಂತ್ರಾಂಶದ ದೋಷವನ್ನಲ್ಲ, ಮಾರುಕಟ್ಟೆಯಲ್ಲಿ ಮೈಕ್ರೋಸಾಫ್ಟ್‌ಗೆ ಬಹುಪಾಲು ಇದೆ ಎಂಬ ಸಂಗತಿಯನ್ನು! 2013ರಲ್ಲಿ ಅದನ್ನು ಪರಿಹಾರವಾಯಿತೆಂದು ಮುಚ್ಚಲಾಯಿತು. ಲಿನಕ್ಸ್ ಮೇಜಿನ ಕಂಪ್ಯೂಟರನ್ನು ಗೆದ್ದುದರಿಂದಲ್ಲ, ಜನರು ಮೊಬೈಲಿನ ಕಡೆಗೆ ಹೊರಳಿದ್ದರಿಂದ. ಮೊಬೈಲು ಬಂದ ಮೇಲೆ ಮೇಜಿನ ಕಂಪ್ಯೂಟರಿನ ಚಿಂತೆ ಏಕೆ ಎಂದು ಕೇಳುವವರಿದ್ದಾರೆ. ಪಂಚಾಯತಿಯ ನಡಾವಳಿ, ಸಹಕಾರಿ ಸಂಘದ ವಾರ್ಷಿಕ ವರದಿ, ಪಿಎಚ್.ಡಿ. ಪ್ರಬಂಧ, ಈ ಪತ್ರಿಕೆಯ ಪುಟ ಇವೆಲ್ಲ ಇಂದಿಗೂ ಮೇಜಿನ ಮೇಲೆಯೇ ಸಿದ್ಧವಾಗುತ್ತಿವೆ ಎಂಬುದಷ್ಟೇ ನನ್ನ ಉತ್ತರ.

ಜನರ ಸಲಹೆಗಳನ್ನು ಪಡೆಯುವುದಕ್ಕೆ ಎರಡು ಮಾದರಿಗಳು ಪ್ರಯೋಗವಾಗಿವೆ. 2008ರಲ್ಲಿ ಉಬುಂಟು 'ಬ್ರೈನ್‌ಸ್ಟಾರ್ಮ್' ಎಂಬ ಯೋಜನೆಯನ್ನು ತೆರೆಯಿತು. ಯಾರು ಬೇಕಾದರೂ ಸಲಹೆ ಕೊಡಬಹುದು, ಉಳಿದವರು ಮತ ಹಾಕಬಹುದು, ಹೆಚ್ಚು ಮತ ಪಡೆದದ್ದು ಮೇಲೇರುತ್ತದೆ. ನೋಡಲು ಪ್ರಜಾಸತ್ತಾತ್ಮಕ. ಆದರೆ ಮತದಾನದಲ್ಲಿ ಮೇಲೇರುವುದು ಬಹುಸಂಖ್ಯಾತರ ಕಿರಿಕಿರಿ. ಕನ್ನಡದ ರಕಾರಕ್ಕೆ ಯಕಾರದ ಒತ್ತು ಹೇಗೆ ಬೀಳಬೇಕು ಎಂಬ ಪ್ರಶ್ನೆಗೆ ಬರ್ಲಿನ್ನಿನವನಾಗಲಿ ಬ್ರೆಜಿಲ್ಲಿನವನಾಗಲಿ ಏಕೆ ಮತ ಹಾಕುತ್ತಾನೆ? ಇನ್ನೊಂದು ಕೊರತೆಯೂ ಇತ್ತು. ಮತವು ಕೆಲಸಗಾರನನ್ನು ಹುಟ್ಟಿಸುವುದಿಲ್ಲ. ಸಾವಿರ ಮಂದಿ ಬೇಕೆಂದರೂ ಮಾಡುವವನಿಗೆ ಮನಸ್ಸು ಅಥವಾ ಸಂಬಳ ಇರಬೇಕು. ಕೆಲವೇ ವರ್ಷಗಳಲ್ಲಿ ಆ ಯೋಜನೆಯನ್ನು ಕೈಬಿಡಲಾಯಿತು.

2009ರಲ್ಲಿ ಅವರೇ ಆರಂಭಿಸಿದ ಮತ್ತೊಂದು ಪ್ರಯತ್ನ ನನಗೆ ಹೆಚ್ಚು ವಿವೇಕಯುತವಾಗಿ ಕಾಣುತ್ತದೆ. ಕಾಗದದ ಅಂಚು ತಾಗಿ ಬೆರಳಿಗಾಗುವ ಗೀರಿನ ಹೆಸರನ್ನು ಅದಕ್ಕಿಟ್ಟಿದ್ದರು. ಅಂಥ ನೂರು ಗೀರುಗಳನ್ನು, ಅಂದರೆ ಸಾಮಾನ್ಯ ಬಳಕೆದಾರನನ್ನು ದಿನವೂ ಚುಚ್ಚುವ, ಆದರೆ ಸುಲಭವಾಗಿ ಸರಿಪಡಿಸಬಹುದಾದ ನೂರು ತೊಂದರೆಗಳನ್ನು ಗುರುತಿಸಿ ಮುಗಿಸುವ ಗುರಿ. ಕನ್ನಡದ ಹೆಚ್ಚಿನ ತೊಂದರೆಗಳು ಈ ಜಾತಿಯವು. ಅವುಗಳಿಗೆ ಕ್ರಾಂತಿ ಬೇಡ. ಸರಿಯಾಗಿ ಬರೆದ ವರದಿ, ಮಾದರಿ ಕಡತ, ಕೇಳಿದ ಪ್ರಶ್ನೆಗೆ ಉತ್ತರ ಕೊಡುವ ತಾಳ್ಮೆ ಬೇಕು.

ಅಂಥ ತಾಳ್ಮೆಯ ಫಲ ನಮ್ಮ ಜಿಲ್ಲೆಯ ನಂಟಿನಲ್ಲೇ ಇದೆ. ಲಿನಕ್ಸ್ ವ್ಯವಸ್ಥೆಯಲ್ಲಿ ಕೀಲಿಮಣೆಗಳ ಪಟ್ಟಿಯನ್ನು ತೆರೆದು ನೋಡಿದರೆ ಕನ್ನಡದಡಿಯಲ್ಲಿ 'ಕಗಪ' ಎಂಬ ಹೆಸರು ಕಾಣುತ್ತದೆ. ಕನ್ನಡ ಗಣಕ ಪರಿಷತ್ತು ಎಂಬುದರ ಹ್ರಸ್ವರೂಪ ಅದು. ವಿನ್ಯಾಸದ ಮೂಲ ಕಲ್ಪನೆ ಕಿನ್ನಿಕಂಬಳದಲ್ಲಿ ಹುಟ್ಟಿ ಮಣಿಪಾಲದೊಂದಿಗೆ ದೀರ್ಘ ನಂಟು ಹೊಂದಿದ ಕೆ.ಪಿ. ರಾವ್ ಅವರದು. ಇಂಗ್ಲಿಷ್ ಕೀಲಿಮಣೆಯ ಇಪ್ಪತ್ತಾರು ಕೀಲಿಗಳಲ್ಲೇ ಕನ್ನಡದ ವರ್ಣಮಾಲೆಯನ್ನು ಉಚ್ಚಾರಣೆಗೆ ಅನುಸಾರವಾಗಿ ಹೊಂದಿಸಿ, ಒತ್ತಕ್ಷರಕ್ಕೆ 'ಎಫ್' ಕೀಲಿಯನ್ನು ಕೊಂಡಿಯಾಗಿಟ್ಟ ಆ ಉಪಾಯವನ್ನು ಅವರು ಹಣ ಕೇಳದೆ ಬಿಟ್ಟುಕೊಟ್ಟರು. ಅದೇ 'ಕಗಪ' ಹೆಸರಿನಲ್ಲಿ ಹಿಂದಿ, ಮರಾಠಿ, ಸಂಸ್ಕೃತ, ತೆಲುಗುಗಳ ವಿನ್ಯಾಸಗಳೂ ಲಿನಕ್ಸ್‌ನ ಅದೇ ಪಟ್ಟಿಯಲ್ಲಿವೆ. ದೆಹಲಿಯ ಯಾರೋ ಹಿಂದಿಯವರು ಕನ್ನಡದ ಪರಿಷತ್ತಿನ ಹೆಸರು ಹೊತ್ತ ಕೀಲಿಮಣೆಯನ್ನು ಆರಿಸಿಕೊಳ್ಳುವುದು ಸಾಧ್ಯವಾದದ್ದು ಮತದಾನದಿಂದಲ್ಲ. ಯಾರೋ ಕುಳಿತು ಆ ಕೆಲವು ಸಾಲುಗಳನ್ನು ಬರೆದು, ಸಲ್ಲಿಸಿ, ಸೇರಿಸಿಕೊಳ್ಳುವವರೆಗೆ ಬಿಡಲಿಲ್ಲ.

ಅಕ್ಷರಶೈಲಿಗಳ ವಿಷಯವೂ ಹೀಗೆಯೇ. ಅರವಿಂದ ವಿ.ಕೆ. ಅವರ 'ಗುಬ್ಬಿ' ಮತ್ತು 'ನವಿಲು' ಫಾಂಟುಗಳು ಇಂದು ಡೆಬಿಯನ್, ಉಬುಂಟುಗಳ ಭಂಡಾರದಲ್ಲಿಯೇ ಸಿಗುತ್ತವೆ. ಆದರೆ ಫಾಂಟು ಒಮ್ಮೆ ಮಾಡಿದರೆ ಬಹುಕಾಲ ಬಾಳುತ್ತದೆ, ಅನುವಾದ ಹಾಗಲ್ಲ. ಲಿನಕ್ಸ್‌ನ ಪ್ರಮುಖ ಪರದೆ ವ್ಯವಸ್ಥೆಯಾದ ಗ್ನೋಮ್ ಆರು ತಿಂಗಳಿಗೊಮ್ಮೆ ಹೊಸ ಆವೃತ್ತಿ ತರುತ್ತದೆ, ಪ್ರತಿಸಲವೂ ಹೊಸ ವಾಕ್ಯಗಳು ಬರುತ್ತವೆ. ಅನುವಾದವಾಗದ ವಾಕ್ಯ ಇಂಗ್ಲಿಷಿನಲ್ಲೇ ಉಳಿಯುತ್ತದೆ. ಕನ್ನಡದ ಭಾರವನ್ನು ಹೊತ್ತವರು ಬೆರಳೆಣಿಕೆಯ ಮಂದಿ. ಅವರು ನೌಕರಿ, ಸಂಸಾರಗಳ ಕಡೆಗೆ ಹೊರಳಿದಾಗ ಪರದೆ ಅರ್ಧ ಕನ್ನಡ ಅರ್ಧ ಇಂಗ್ಲಿಷಾಗುತ್ತದೆ. ನಮ್ಮ ಶಾಲೆಯ ಮಕ್ಕಳು ಎರಡೇ ದಿನಗಳಲ್ಲಿ ಕನ್ನಡದ ಪರದೆಯನ್ನು ಬಿಟ್ಟು ಇಂಗ್ಲಿಷಿಗೆ ಬದಲಿಸಿಕೊಂಡದ್ದಕ್ಕೆ ಇದೂ ಕಾರಣ. 'ಕಡತಕೋಶ' ಎಂಬ ಪದ ಮತ್ತೊಂದು ಕಾರಣ. ಫೋಲ್ಡರ್ ಎಂದು ಬರೆದಿದ್ದರೆ ಏನು ಹಾಳಾಗುತ್ತಿತ್ತೋ ತಿಳಿಯದು. ನಾವು ಮೇಷ್ಟ್ರುಗಳು ಪಾರಿಭಾಷಿಕ ಪದ ಕಟ್ಟುವಾಗ ಎದುರಿಗೆ ಒಬ್ಬ ಆರನೇ ತರಗತಿಯ ಹುಡುಗಿಯನ್ನು ಕೂರಿಸಿಕೊಳ್ಳುವುದು ಒಳ್ಳೆಯದು.

ಇನ್ನು ಶಿರ್ವದ ಭಾಷೆ ಕನ್ನಡ ಮಾತ್ರವೂ ಅಲ್ಲ. ಇಲ್ಲಿ ಮನೆಯ ಮಾತು ತುಳು. ಆರೋಗ್ಯಮಾತೆಯ ಇಗರ್ಜಿಯ ಸುತ್ತಲಿನ ಮನೆಗಳಲ್ಲಿ ಕೊಂಕಣಿ. ಗ್ನೂ ವ್ಯವಸ್ಥೆಯ ಮೂಲ ಗ್ರಂಥಾಲಯದಲ್ಲಿ ತುಳುವಿಗೆ ಪ್ರತ್ಯೇಕ ಭಾಷಾ ಕಡತವೊಂದಿದೆ ಎಂದರೆ ನಮ್ಮೂರಿನವರು ನಂಬಲಾರರು. ಕೊಂಕಣಿಗೂ ಇದೆ, ಆದರೆ ಅದು ದೇವನಾಗರಿಯದ್ದು. ಕರಾವಳಿಯ ಕೊಂಕಣಿಗರು ತಲೆಮಾರುಗಳಿಂದ ಓದಿಬರೆಯುತ್ತಿರುವ ಕನ್ನಡ ಲಿಪಿಯ ಕೊಂಕಣಿ ಅಲ್ಲಿ ಅಡಗಿಹೋಗಿದೆ. ತುಳು-ತಿಗಳಾರಿ ಲಿಪಿ 2024ರ ಸೆಪ್ಟೆಂಬರಿನಲ್ಲಿ ಹೊರಬಂದ ಯೂನಿಕೋಡ್ 16ನೇ ಆವೃತ್ತಿಯಲ್ಲಿ ಸ್ಥಾನ ಪಡೆಯಿತು. ಸಂಭ್ರಮಿಸಿದೆವು, ಸರಿಯೇ. ಸಂಕೇತ ಸಂಖ್ಯೆ ಸಿಕ್ಕಿದರೆ ಸಿಕ್ಕಿದ್ದು ಸೈಟು ಮಾತ್ರ. ಮನೆ ಕಟ್ಟಲು ಫಾಂಟು, ಕೀಲಿಮಣೆ, ಅಕ್ಷರ ಜೋಡಣೆಯ ನಿಯಮಗಳು ಎಲ್ಲವೂ ಬೇಕು. ಇವನ್ನು ಲಾಭಕ್ಕಾಗಿ ನಡೆಯುವ ಸಂಸ್ಥೆ ಮೊದಲು ಮಾಡಲಿ ಎಂದು ಕಾಯುವುದು ವ್ಯರ್ಥ.

ಹಾಗಾದರೆ ಯಾರು ಮಾಡಬೇಕು? ದಕ್ಷಿಣಕ್ಕೆ ತಲಪಾಡಿ ಗಡಿ ದಾಟಿದರೆ ಉತ್ತರದ ಒಂದು ಭಾಗ ಸಿಗುತ್ತದೆ. ಕೇರಳವು 2001ರಿಂದ ನಡೆಸಿದ ಐಟಿ ಅಟ್ ಸ್ಕೂಲ್ ಯೋಜನೆ, 2017ರಿಂದ 'ಕೈಟ್' ಎಂಬ ಸರಕಾರಿ ಕಂಪೆನಿಯಾಗಿ, ಉಬುಂಟು ಆಧಾರಿತವಾದ ತನ್ನದೇ ಲಿನಕ್ಸನ್ನು ಶಾಲೆಗಳಿಗೆ ಕೊಡುತ್ತ ಬಂದಿದೆ. ಮಂಜೇಶ್ವರ, ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಕನ್ನಡದಲ್ಲಿ ಅಚ್ಚಾದ ಐಟಿ ಪಠ್ಯಪುಸ್ತಕ ಹಿಡಿದು ಲಿನಕ್ಸ್ ಕಲಿಯುತ್ತಾರೆ. ಅಂದರೆ ಕನ್ನಡದಲ್ಲಿ ಲಿನಕ್ಸ್ ಕಲಿಸುವ ವ್ಯವಸ್ಥೆ ಕನ್ನಡ ನಾಡಿನ ಹೊರಗೆ ಹೆಚ್ಚು ನೆಲೆಯೂರಿದೆ! ಕರ್ನಾಟಕದಲ್ಲಿಯೂ ಪ್ರಯತ್ನವಾಗಿಲ್ಲವೆಂದಲ್ಲ. 2011ರಿಂದ 'ಐಟಿ ಫಾರ್ ಚೇಂಜ್' ಸಂಸ್ಥೆ ಶಿಕ್ಷಣ ಇಲಾಖೆಯೊಡನೆ ನಡೆಸಿದ ವಿಷಯ ಶಿಕ್ಷಕರ ವೇದಿಕೆ ಕಾರ್ಯಕ್ರಮದಲ್ಲಿ ಪ್ರೌಢಶಾಲಾ ಅಧ್ಯಾಪಕರು ಉಬುಂಟು ಕಲಿತರು. ಆದರೆ ತರಬೇತಿ ಮುಗಿಸಿ ಊರಿಗೆ ಮರಳಿದ ಅಧ್ಯಾಪಕನಿಗೆ ತೊಂದರೆ ಬಂದಾಗ ಕೇಳುವವರು ಬೇಕಲ್ಲ? ನಮ್ಮ ಸರಕಾರದ ಒಲವು ಬಹುಕಾಲ ಉಚಿತ ತಂತ್ರಾಂಶದ ಕಡೆಗಿತ್ತು, ಮುಕ್ತ ತಂತ್ರಾಂಶದ ಕಡೆಗಲ್ಲ. 'ನುಡಿ' ವಿಂಡೋಸ್‌ಗಾಗಿ ಬಂದಿತು, ಉಚಿತವಾಗಿ ಬಂದಿತು, ಮಹದುಪಕಾರವಾಯಿತು. ಅದರ ಹಳೆಯ ಸಂಕೇತಗಳಲ್ಲಿ ಬರೆದಿಟ್ಟ ರಾಶಿ ರಾಶಿ ಕಡತಗಳನ್ನು ಲಿನಕ್ಸ್‌ನಲ್ಲಿ ತೆರೆದಾಗ ಕಾಣುವ ರೋಮನ್ ಅಕ್ಷರಗಳ ಕಲಸುಮೇಲೋಗರ ಆ ಉಪಕಾರದ ಇನ್ನೊಂದು ಮುಖ. ಡಿಟಿಪಿ ಹುಡುಗನ ಎರಡನೆಯ ದೂರು ಅದೇ ಆಗಿತ್ತು.

ನಮ್ಮ ಸುತ್ತ ಹತ್ತಿಪ್ಪತ್ತು ಮೈಲಿಯೊಳಗೆ ಬಂಟಕಲ್ಲು, ನಿಟ್ಟೆ, ಮಣಿಪಾಲಗಳಲ್ಲಿ ಎಂಜಿನಿಯರಿಂಗ್ ಕಾಲೇಜುಗಳಿವೆ. ಅಂತಿಮ ವರ್ಷದ ವಿದ್ಯಾರ್ಥಿಗಳು ಪ್ರಾಜೆಕ್ಟ್ ಮಾಡಲೇಬೇಕು. ನೂರಾರು ಬಾರಿ ಮಾಡಿದ ಹಾಜರಿ ಪುಸ್ತಕದ ತಂತ್ರಾಂಶವನ್ನೇ ಮತ್ತೊಮ್ಮೆ ಮಾಡುವ ಬದಲು ಹತ್ತಿರದ ಊರಿನ ಶಾಲೆ, ಪಂಚಾಯತಿ, ಡಿಟಿಪಿ ಅಂಗಡಿಗಳಿಗೆ ಹೋಗಿ ಕನ್ನಡದಲ್ಲಿ, ತುಳುವಿನಲ್ಲಿ ದೂರು ಕೇಳಿ, ಅದನ್ನು ಇಂಗ್ಲಿಷಿನ ದೋಷ ವರದಿಯಾಗಿ ಬರೆದು ಸಲ್ಲಿಸಿ, ಸಾಧ್ಯವಿದ್ದರೆ ತಿದ್ದುಪಡಿಯನ್ನೂ ಕಳುಹಿಸುವುದನ್ನು ಪ್ರಾಜೆಕ್ಟ್ ಎಂದು ವಿಶ್ವವಿದ್ಯಾನಿಲಯ ಒಪ್ಪಿಕೊಂಡರೆ ಖಜಾನೆಗೆ ಕಾಸಿನ ಖರ್ಚೂ ಇಲ್ಲ. ಅಂಕ ಕೊಡಬೇಕಾದದ್ದು ತಿದ್ದುಪಡಿ ಅಂಗೀಕಾರವಾಯಿತೇ ಎಂಬುದಕ್ಕಲ್ಲ. ಎದುರಿನಿಂದ ಬಂದ ಪ್ರಶ್ನೆಗಳಿಗೆ ಆರು ತಿಂಗಳು ಉತ್ತರ ಕೊಟ್ಟರೇ ಎಂಬುದಕ್ಕೆ. ಹೆಚ್ಚಿನ ವರದಿಗಳು ಸಾಯುವುದು ಆ ಹಂತದಲ್ಲೇ. ಕಂಡ ದೋಷವನ್ನು ಹೇಳಿದವನು ಮತ್ತೆ ಅತ್ತ ತಲೆಹಾಕುವುದಿಲ್ಲ, ತಿದ್ದುವವನಿಗೆ ಕನ್ನಡ ಗೊತ್ತಿರುವುದಿಲ್ಲ.

ಡಿಟಿಪಿ ಹುಡುಗನೂ ನಾನೂ ಒಂದು ಭಾನುವಾರ ಮಧ್ಯಾಹ್ನ ಕುಳಿತು 'ರ‍್ಯಾಂಕ್' ಪದದ ವರದಿಯನ್ನು ಬರೆದೆವು. ಇಂಗ್ಲಿಷ್ ನನ್ನದು, ತೊಂದರೆಯ ಹಂತಗಳು ಅವನವು. ಹನ್ನೊಂದನೆಯ ದಿನ ಯಾವುದೋ ದೇಶದ ಒಬ್ಬರು ಉತ್ತರಿಸಿದರು: ಎರಡೂ ರೂಪಗಳಿರುವ ಮಾದರಿ ಕಡತವೊಂದನ್ನು ಕಳುಹಿಸಿ, ಇಂಥ ಬೇರೆ ಪದಗಳಿದ್ದರೆ ಅವನ್ನೂ ತಿಳಿಸಿ. ಹುಡುಗ ತನ್ನ ಅಂಗಡಿಯ ಹಳೆಯ ಕಡತಗಳನ್ನೆಲ್ಲ ಜಾಲಾಡಿ 'ರ‍್ಯಾಲಿ'ಯಿಂದ ಹಿಡಿದು ಒಂದು ಉದ್ದ ಪಟ್ಟಿ ಮಾಡಿಕೊಂಡು ಬಂದ. ಕಳುಹಿಸಿದ್ದೇವೆ. ಪಟ್ಟಿಯ ಕೊನೆಯಲ್ಲಿ ತುಳುವಿನ ಎರಡು ಪದಗಳನ್ನೂ ಸೇರಿಸಿದ್ದಾನೆ; ಅವುಗಳ ಅರ್ಥವೇನೆಂದು ಆ ಮನುಷ್ಯ ಈಗ ಕೇಳಿದ್ದಾರೆ.