ಮಣ್ಣು ಕಲಸೋಕೆ ನಾಲ್ಕು ವರ್ಷ ಬೇಕಾ? ಬೇಕು!

ಮೊದಲ ವರ್ಷದ ವರ್ಕ್‌ಶಾಪ್ ಲ್ಯಾಬಿನಲ್ಲಿ ಲೇಥ್ ಮುಂದೆ ನಿಂತಾಗ ನನಗೆ ನೆನಪಾಗಿದ್ದು ಹಾನಗಲ್ಲಿನ ತಾರಕೇಶ್ವರ ಗುಡಿ. ಹಾನಗಲ್ ನನ್ನ ಅಜ್ಜಿಯ ಊರು. ರಜೆಯಲ್ಲಿ ಆ ಗುಡಿಯ ಕಂಬಗಳ ಹಿಂದೆ ಅಡಗಿ ಆಡಿದವರು ನಾವು. ಬಳೆಗಳನ್ನು ಒಂದರ ಮೇಲೊಂದು ಪೇರಿಸಿದಂತೆ ಕಾಣುವ ಆ ನುಣುಪಾದ ಕಂಬಗಳು ಬಳಪದ ಕಲ್ಲನ್ನು ತಿರುಗಣಿಗೆ ಕಟ್ಟಿ ಕಡೆದವು. ಪಕ್ಕದ ಶಿಗ್ಗಾವಿ ತಾಲ್ಲೂಕಿನ ಬಂಕಾಪುರದ ಅರವತ್ತು ಕಂಬದ ಗುಡಿಯಲ್ಲೂ ಅಂಥವೇ ಇವೆ. ನಾವು ಲ್ಯಾಬಿನಲ್ಲಿ ಮಾಡುವ ಟರ್ನಿಂಗ್, ಗ್ರೂವಿಂಗ್ ಕೆಲಸವನ್ನೇ ಚಾಲುಕ್ಯರ ಕಾಲದ ಶಿಲ್ಪಿಗಳೂ ಮಾಡಿದ್ದರು. ನಮ್ಮದು ಗೇಣುದ್ದದ ಕಬ್ಬಿಣದ ಸರಳು, ಅವರದ್ದು ಆಳೆತ್ತರದ ಕಲ್ಲು, ಅಷ್ಟೇ. ಕಲೆ ಬೇರೆ, ಎಂಜಿನಿಯರಿಂಗ್ ಬೇರೆ ಎಂದು ಗೆರೆ ಎಳೆದವರು ಯಾರೋ ಗೊತ್ತಿಲ್ಲ. ನಮ್ಮ ಕಡೆಯವರಂತೂ ಅಲ್ಲ.

ಈ ಮಾತು ಈಗೇಕೆ ಎಂದರೆ, ಹಿರೇಕೆರೂರಿನಲ್ಲಿರುವ ನನ್ನ ಕಾಕಾನ ಮಗಳು ಈ ವರ್ಷ ದ್ವಿತೀಯ ಪಿಯುಸಿ ಮುಗಿಸಿದ್ದಾಳೆ. ಅವಳಿಗೆ ಬಿ.ವಿ.ಎ. ಸೇರಬೇಕು, ಅದರಲ್ಲೂ ಶಿಲ್ಪಕಲೆ ಮತ್ತು ಮಣ್ಣಿನ ಕೆಲಸ ಕಲಿಯಬೇಕು. ಬಿ.ವಿ.ಎ. ಎಂದರೆ ದೃಶ್ಯಕಲಾ ಪದವಿ, ನಮ್ಮ ಬಿ.ಇ.ಯಂತೆಯೇ ನಾಲ್ಕು ವರ್ಷದ್ದು. ಕಾಕಾ ನನಗೆ ಫೋನ್ ಮಾಡಿ, ‘ತಮ್ಮಾ, ನೀನರ ಆಕಿಗಿ ತಿಳಿಸಿ ಹೇಳಪಾ. ಮಣ್ಣು ಕಲಸಾಕ ನಾಕು ವರ್ಷ ಯಾಕ ಬೇಕು? ಕುಂಬಾರ ಓಣಿಗೆ ಹೋದ್ರ ನಾಕು ದಿನದಾಗ ಕಲಸ್ತಾರ’ ಎಂದರು. ಮನೆಯಲ್ಲಿ ಬಿ.ಇ. ಓದುತ್ತಿರುವವನು ನಾನೊಬ್ಬನೇ, ನನ್ನ ಮಾತಿಗೆ ತೂಕವಿದೆ ಎಂಬ ನಂಬಿಕೆ ಅವರದು. ಆ ತೂಕವನ್ನು ತಂಗಿಯ ತಕ್ಕಡಿಗೆ ಹಾಕೋಣ ಎಂದುಕೊಂಡಿದ್ದೇನೆ.

ಕಾಕಾನ ಪ್ರಶ್ನೆಯಲ್ಲಿ ಅರ್ಧ ಸತ್ಯವಿದೆ. ಮಣ್ಣಿನ ಹದ ಕುಂಬಾರ ಓಣಿಯಷ್ಟು ಚೆನ್ನಾಗಿ ಯಾವ ಕಾಲೇಜಿಗೂ ಗೊತ್ತಿಲ್ಲ. ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು, ಭಾದ್ರಪದದಲ್ಲಿ ಜೋಕುಮಾರ, ಆಷಾಢದಲ್ಲಿ ಗುಳ್ಳವ್ವ, ಹೀಗೆ ನಮ್ಮ ಕಡೆ ವರ್ಷವೇ ಮಣ್ಣಿನ ಮೂರ್ತಿಗಳ ಸುತ್ತ ತಿರುಗುತ್ತದೆ. ಹಿರೇಕೆರೂರು ತಾಲ್ಲೂಕಿನ ಅಬಲೂರಿನ ಸರ್ವಜ್ಞನ ತಾಯಿ ಕುಂಬಾರರ ಮಾಳಿ ಎಂಬ ಪ್ರತೀತಿಯನ್ನು ಅಲ್ಲಿಯ ಮಕ್ಕಳಿಗೆ ಯಾರೂ ಹೇಳಿಕೊಡಬೇಕಿಲ್ಲ.

ಆದರೆ ಓಣಿಯಲ್ಲಿ ಕಲಿಯುವವರು ಯಾರು? ಆ ಮನೆಯಲ್ಲಿ ಹುಟ್ಟಿದವರು. ಶಿಲ್ಪಕಲೆಯ ಮಾತೂ ಇದೇ. 2024ರ ಜನವರಿ 22ರ ನಂತರ ಯಾರ ಬಾಯಲ್ಲಿ ಕೇಳಿದರೂ ಅರುಣ್ ಯೋಗಿರಾಜ್ ಹೆಸರು. ಅಯೋಧ್ಯೆಯ ಬಾಲರಾಮ, ಕೇದಾರನಾಥದ ಶಂಕರಾಚಾರ್ಯ, ದೆಹಲಿಯ ಇಂಡಿಯಾ ಗೇಟ್ ಬಳಿಯ 28 ಅಡಿಯ ನೇತಾಜಿ ಪ್ರತಿಮೆ ಎಲ್ಲವೂ ಅವರ ಕೈಯಿಂದ ಬಂದವು. ಎಂ.ಬಿ.ಎ. ಓದಿ, ಕಂಪನಿ ಕೆಲಸ ಬಿಟ್ಟು ಉಳಿ ಹಿಡಿದವರು ಎಂದು ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹೊಗಳಿದ್ದೇ ಹೊಗಳಿದ್ದು. ಅವರದು ಐದು ತಲೆಮಾರುಗಳ ಶಿಲ್ಪಿಗಳ ಮನೆತನ ಎಂಬುದನ್ನು ಮಾತ್ರ ನಾವು ಬೇಗ ದಾಟಿಬಿಡುತ್ತೇವೆ. ಅವರ ಕಾಲೇಜು ಅವರ ಮನೆಯ ಅಂಗಳದಲ್ಲೇ ಇತ್ತು. ಗೊಬ್ಬರದ ಅಂಗಡಿ ಇಟ್ಟಿರುವ ನನ್ನ ಕಾಕಾನ ಅಂಗಳದಲ್ಲಿ ಇರುವುದು ಯೂರಿಯಾ ಚೀಲ! ಶಿಲ್ಪಿಯ ಮನೆಯಲ್ಲಿ ಹುಟ್ಟದವರಿಗೆ, ಅದರಲ್ಲೂ ಹೆಣ್ಣುಮಕ್ಕಳಿಗೆ, ಈ ವಿದ್ಯೆಯ ಬಾಗಿಲು ತೆರೆಯುವುದು ಕಾಲೇಜಿನಿಂದಲೇ. ಕಲ್ಲು ಗಂಡಸರ ಕೆಲಸ ಎನ್ನುತ್ತಿದ್ದ ಕಾಲದಲ್ಲಿ ಕನಕಾ ಮೂರ್ತಿ ಅವರು ಬೆಂಗಳೂರಿನ ಕಲಾಮಂದಿರದಲ್ಲಿ ಕಲಿತು, ಶಿಲ್ಪಿ ಡಿ. ವಾದಿರಾಜ್ ಅವರ ಶಿಷ್ಯೆಯಾಗಿ ಸಾಂಪ್ರದಾಯಿಕ ಶಿಲ್ಪದಲ್ಲಿ ಹೆಸರಾದರು. 2021ರಲ್ಲಿ ತೀರಿಕೊಂಡ ಅವರು ಮಾಡಿದ ರೈಟ್ ಸಹೋದರರ ಶಿಲ್ಪ ಬೆಂಗಳೂರಿನ ವಿಶ್ವೇಶ್ವರಯ್ಯ ಮ್ಯೂಸಿಯಂನಲ್ಲಿದೆ. ಇಂಡಸ್ಟ್ರಿಯಲ್ ವಿಸಿಟ್‌ಗೆ ಹೋಗುವ ನಮ್ಮಂಥವರು ಎಂಜಿನ್ ನೋಡಿ, ಸೆಲ್ಫಿ ತೆಗೆದುಕೊಂಡು ಬರುತ್ತೇವೆ.

ಈಗ ನಾಲ್ಕು ವರ್ಷದ ಲೆಕ್ಕಕ್ಕೆ ಬರುತ್ತೇನೆ. ಮಣ್ಣಿನ ಒಂದು ಆಳೆತ್ತರದ ಮೂರ್ತಿ ತನ್ನ ಭಾರಕ್ಕೆ ತಾನೇ ಕುಸಿಯದಿರಬೇಕಾದರೆ ಒಳಗೆ ಸರಳು, ತಂತಿಯ ಹಂದರ ಬೇಕು. ಅದು ಎಲ್ಲಿ ಬಾಗುತ್ತದೆ, ಭಾರ ಎಲ್ಲಿ ಇಳಿಯುತ್ತದೆ ಎಂಬುದು ನಾವು ಸ್ಟ್ರೆಂಥ್ ಆಫ್ ಮೆಟೀರಿಯಲ್ಸ್ ಎಂದು ಓದುವ ವಿಷಯವೇ. ಮೇಲೆ ಪ್ಲಾಸ್ಟರ್ ಆಫ್ ಪ್ಯಾರಿಸ್‌ನ ಅಚ್ಚು ತೆಗೆಯಬೇಕು. ಅಚ್ಚು ಎಷ್ಟು ತುಂಡಾದರೆ ಒಡೆಯದೆ ಬಿಡಿಸಿಕೊಳ್ಳುತ್ತದೆ ಎಂಬ ಲೆಕ್ಕ ಬೇರೆ. ಆಮೇಲೆ ಫೈಬರ್ ಗ್ಲಾಸ್ ಅಥವಾ ಕಂಚಿನ ಎರಕ. ಮೇಣದ ಮೂರ್ತಿ ಮಾಡಿ, ಸುತ್ತ ಮಣ್ಣು ಮೆತ್ತಿ, ಮೇಣ ಕರಗಿಸಿ ಹೊರಹಾಕಿ, ಖಾಲಿಯಾದ ಜಾಗಕ್ಕೆ ಲೋಹ ಹೊಯ್ಯುವ ಈ ವಿಧಾನವನ್ನು ನಾವೂ ಇನ್ವೆಸ್ಟ್‌ಮೆಂಟ್ ಕಾಸ್ಟಿಂಗ್ ಎಂದು ಓದುತ್ತೇವೆ. ನಾವು ಚಿತ್ರ ಬರೆದು ಐದು ಅಂಕ ಪಡೆಯುತ್ತೇವೆ, ಅವರು ಮಾಡಿ ತೋರಿಸಬೇಕು.

ಸೆರಾಮಿಕ್ಸ್ ಇನ್ನೂ ಕಠಿಣ. ಹಸಿ ಮಣ್ಣು ಒಣಗುವಾಗಲೂ ಕುಗ್ಗುತ್ತದೆ, ಸುಡುವಾಗಲೂ ಕುಗ್ಗುತ್ತದೆ. ಒಳಗೆ ತೇವ ಉಳಿದಿದ್ದರೆ ಅದು ಹಬೆಯಾಗಿ ತಿಂಗಳ ಕೆಲಸವನ್ನು ಒಂದು ಕ್ಷಣದಲ್ಲಿ ಸಿಡಿಸುತ್ತದೆ. ಸುಮಾರು 573 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮಣ್ಣಿನೊಳಗಿನ ಸ್ಫಟಿಕದ ರಚನೆಯೇ ಬದಲಾಗಿ ಅದು ಹಿಗ್ಗುತ್ತದೆ. ತಣಿಯುವಾಗ ಅದೇ ಹಂತದಲ್ಲಿ ಮತ್ತೆ ಕುಗ್ಗುತ್ತದೆ, ಅವಸರ ಮಾಡಿದರೆ ಸೀಳು. ನಮ್ಮ ಮಡಕೆ, ಹಂಚು ಸಾಮಾನ್ಯವಾಗಿ ಸಾವಿರ ಡಿಗ್ರಿಯ ಆಸುಪಾಸಿನಲ್ಲಿ ಅಥವಾ ಅದಕ್ಕಿಂತ ಕೆಳಗೇ ಸುಡುತ್ತವೆ. ಪಿಂಗಾಣಿಗೆ 1300 ಡಿಗ್ರಿಯವರೆಗೂ ಹೋಗಬೇಕು. ಮೇಲಿನ ಹೊಳಪಿನ ಲೇಪ ಎಂದರೆ ಅದೂ ಒಂದು ಬಗೆಯ ಗಾಜು. ಸಿಲಿಕಾ, ಅಲ್ಯೂಮಿನಾ, ಅವನ್ನು ಕರಗಿಸುವ ಕ್ಷಾರಗಳ ಅಳತೆ ತಪ್ಪಿದರೆ ಲೇಪ ಹರಿದು ಕೆಳಗಿಳಿಯುತ್ತದೆ, ಇಲ್ಲವೇ ಸಿಬಿರು ಬಿಡುತ್ತದೆ. ಇದನ್ನೆಲ್ಲ ಕೈಯಲ್ಲಿ, ಕಣ್ಣಿನಲ್ಲಿ, ವಹಿಯಲ್ಲಿ ಕಲಿಯಲು ನಾಲ್ಕು ವರ್ಷ ಕಡಿಮೆಯೇ ಆದೀತು. ನಮ್ಮೂರಿನ ಕರೆಂಟ್ ಕಂಬದ ತುದಿಯ ಪಿಂಗಾಣಿ ಇನ್ಸುಲೇಟರ್, ಅಪ್ಪ ಹಾಕಿಸಿಕೊಂಡ ಕಟ್ಟಿದ ಹಲ್ಲು, ಬಚ್ಚಲಿನ ಟೈಲ್ಸು ಎಲ್ಲವೂ ಈ ವಿದ್ಯೆಯ ಬಳಗವೇ.

‘ಕೆಲಸ ಸಿಗುತ್ತಾ?’ ಎಂಬ ಪ್ರಶ್ನೆಗೆ ನಾನು ಸಿಹಿ ಉತ್ತರ ಕೊಡಲಾರೆ. ಸರ್ಕಾರಿ ಶಾಲೆಯ ಚಿತ್ರಕಲಾ ಶಿಕ್ಷಕರ ಹುದ್ದೆಯೊಂದನ್ನೇ ನಂಬಿ ಸೇರುವವರು ಸೇರದಿರುವುದೇ ವಾಸಿ. ಆದರೆ ಕಾರು ಕಂಪನಿಗಳು ಹೊಸ ಮಾದರಿಯನ್ನು ಕಂಪ್ಯೂಟರಿನಲ್ಲಿ ಬಿಡಿಸಿದ ಮೇಲೂ ಪೂರ್ಣ ಗಾತ್ರದ ಜೇಡಿ ಮಾದರಿ ಮಾಡಿ ಕೈಯಿಂದ ಸವರಿ ನೋಡುತ್ತವೆ. ಆ ಕೆಲಸಕ್ಕೆ ಕ್ಲೇ ಮಾಡೆಲರ್ ಎಂಬ ಹುದ್ದೆಯೇ ಇದೆ. ಗೇಮ್ ಮತ್ತು ಅನಿಮೇಷನ್ ಕಂಪನಿಗಳ ತ್ರೀಡಿ ಮಾಡೆಲಿಂಗ್‌ಗೆ ದೇಹರಚನೆ ಬಲ್ಲ ಕೈ ಬೇಕು. ಸಿನಿಮಾ ಸೆಟ್, ವಸ್ತುಸಂಗ್ರಹಾಲಯ, ದೇವಸ್ಥಾನ, ಸ್ವಂತ ಸ್ಟುಡಿಯೊ, ಹೀಗೆ ದಾರಿಗಳಿವೆ. ಹೆದ್ದಾರಿಯಲ್ಲ, ಕಾಲುದಾರಿ. ಬಿ.ಇ. ಹೆದ್ದಾರಿಯಲ್ಲಿ ಎಷ್ಟು ಟ್ರಾಫಿಕ್ ಜಾಮ್ ಇದೆ ಎಂಬುದನ್ನು ಈ ಪುಟ ಓದುವ ಗೆಳೆಯರಿಗೆ ನಾನು ಹೇಳಬೇಕಿಲ್ಲ.

ಕಾಲುದಾರಿಯಲ್ಲೇ ನಡೆದು ಊರು ಕಟ್ಟಿದ ಉದಾಹರಣೆ ನಮ್ಮ ಮಗ್ಗುಲಲ್ಲೇ ಇದೆ. ಸವಣೂರಿನ ನಮ್ಮ ಮನೆಯಿಂದ ಹುಬ್ಬಳ್ಳಿಯ ಕಾಲೇಜಿಗೆ ಹೋಗುವಾಗ ಶಿಗ್ಗಾವಿ ದಾಟಿದೊಡನೆ ಗೊಟಗೋಡಿ ಸಿಗುತ್ತದೆ. ಅಲ್ಲಿ ಕಲಾವಿದ ಟಿ.ಬಿ. ಸೊಲಬಕ್ಕನವರ ಅವರು ತಂಡ ಕಟ್ಟಿಕೊಂಡು ರೂಪಿಸಿದ ಉತ್ಸವ ರಾಕ್ ಗಾರ್ಡನ್ ಇದೆ. ರೊಟ್ಟಿ ಬಡಿಯುವವರು, ಕುರಿ ಕಾಯುವವರು, ಸಂತೆಗೆ ಹೊರಟವರು, ಉತ್ತರ ಕರ್ನಾಟಕದ ಒಂದು ಇಡೀ ಹಳ್ಳಿಯನ್ನೇ ಅವರು ಸಿಮೆಂಟಿನಲ್ಲಿ ನಿಲ್ಲಿಸಿದ್ದಾರೆ. ದುಡ್ಡು ಕೊಟ್ಟು ಟಿಕೆಟ್ ಪಡೆದು ಜನ ನೋಡಲು ಬರುತ್ತಾರೆ, ಶಾಲಾ ಪ್ರವಾಸದ ಬಸ್ಸುಗಳು ಸಾಲುಗಟ್ಟುತ್ತವೆ. ಸೊಲಬಕ್ಕನವರ 2020ರಲ್ಲಿ ತೀರಿಕೊಂಡರು. ಅಂಥ ಕೆಲಸ ಮುಂದುವರಿಸಬಲ್ಲ ಹುಡುಗ ಹುಡುಗಿಯರು ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು ತಾಲ್ಲೂಕುಗಳಲ್ಲಿ ಇಲ್ಲವೇ? ಇದ್ದಾರೆ. ಅವರು ಕಲಿಯಬೇಕೆಂದರೆ 1964ರಲ್ಲಿ ಶುರುವಾದ ದಾವಣಗೆರೆಯ ದೃಶ್ಯಕಲಾ ಕಾಲೇಜಿಗೋ, ಮೈಸೂರಿನ ಕಾವಾಕ್ಕೋ, ಬೆಂಗಳೂರಿನ ಚಿತ್ರಕಲಾ ಪರಿಷತ್ತಿಗೋ ಹೋಗಬೇಕು. ಕುಂಬಾರಿಕೆಯ ತರಬೇತಿಗೆ ಬೆಳಗಾವಿ ಜಿಲ್ಲೆಯ ಖಾನಾಪುರದಲ್ಲಿ ಖಾದಿ ಆಯೋಗದ ಸಂಸ್ಥೆಯಿದೆ. ಸೆರಾಮಿಕ್ ವಿನ್ಯಾಸದ ಪದವಿಯೇ ಬೇಕೆಂದರೆ ಅಹಮದಾಬಾದಿನ ಎನ್‌ಐಡಿಗೆ ಹೋಗಬೇಕು, ಅಲ್ಲಿನ ಶುಲ್ಕ ಕೇಳಿದರೆ ಕಾಕಾ ಫೋನ್ ಇಟ್ಟೇಬಿಡುತ್ತಾರೆ. ರಾಕ್ ಗಾರ್ಡನ್ ಇರುವ ಅದೇ ಗೊಟಗೋಡಿಯಲ್ಲಿ 2011ರಲ್ಲಿ ಸ್ಥಾಪನೆಯಾದ ಕರ್ನಾಟಕ ಜಾನಪದ ವಿಶ್ವವಿದ್ಯಾಲಯವೂ ಇದೆ. ಶಿಲ್ಪ ಮತ್ತು ಸೆರಾಮಿಕ್ಸ್‌ನ ನಾಲ್ಕು ವರ್ಷದ ಪದವಿಗೆ ಅದಕ್ಕಿಂತ ಒಳ್ಳೆಯ ಜಾಗ ನನಗಂತೂ ಕಾಣುವುದಿಲ್ಲ. ಒಂದು ದೊಡ್ಡ ಆವಿಗೆ, ಹತ್ತು ತಿಗರಿ, ನಾಲ್ಕು ತಾಲ್ಲೂಕುಗಳ ಕುಂಬಾರ ಹಿರಿಯರನ್ನು ಅತಿಥಿ ಉಪನ್ಯಾಸಕರಾಗಿ ಕರೆದರೆ ಅಷ್ಟೇ ಸಾಕು, ಪಾಠ ಶುರು. ಆ ಹಿರಿಯರ ಮೊಮ್ಮಕ್ಕಳೂ ಇದೇ ಕ್ಲಾಸಿನಲ್ಲಿ ಕೂತು ಲೇಪದ ರಸಾಯನಶಾಸ್ತ್ರ ಕಲಿತರೆ, ಸಂತೆಯಲ್ಲಿ ಚೌಕಾಸಿಗೆ ಸಿಕ್ಕು ಹೋಗುವ ಗಡಿಗೆಗೆ ಬೇರೆಯೇ ಬೆಲೆ ಬರುತ್ತದೆ.

ಅದು ಆಗುವವರೆಗೆ ಸೇರಬಯಸುವವರು ಒಂದು ಕೆಲಸ ಮಾಡಬಹುದು. ಕಾಲೇಜಿನ ಬೋರ್ಡು, ಬಣ್ಣದ ಪ್ರಾಸ್ಪೆಕ್ಟಸ್ ನೋಡಿ ತೀರ್ಮಾನಿಸಬೇಡಿ. ನೇರ ಹೋಗಿ ನೋಡಿ. ಶಿಲ್ಪ ವಿಭಾಗದಲ್ಲಿ ಕಾಯಂ ಮೇಷ್ಟ್ರು ಎಷ್ಟು ಜನ? ಕಲ್ಲು, ಮಣ್ಣು, ಪ್ಲಾಸ್ಟರಿನ ಖರ್ಚು ಯಾರದು? ಆವಿಗೆ ಇದೆಯೋ ಇಲ್ಲವೋ, ಇದ್ದರೆ ಕೊನೆಯ ಸಲ ಹೊತ್ತಿಸಿದ್ದು ಯಾವಾಗ? ಹಳೆಯ ವಿದ್ಯಾರ್ಥಿಗಳು ಈಗ ಎಲ್ಲಿದ್ದಾರೆ? ನಾವು ಎಂಜಿನಿಯರಿಂಗ್ ಸೇರುವಾಗ ಲ್ಯಾಬ್, ಪ್ಲೇಸ್‌ಮೆಂಟ್ ಎಂದು ಕೇಳಿದ ಹಾಗೆಯೇ ಇದನ್ನೂ ನಾಚಿಕೊಳ್ಳದೆ ಕೇಳಬೇಕು.

ತಂಗಿಗೆ ಹೇಳಿದ್ದೂ ಇದನ್ನೇ. ಪ್ರವೇಶ ಪರೀಕ್ಷೆಗೆಂದು ಅವಳು ಗೊಬ್ಬರದ ಗೋಡೌನಿನ ಮೂಲೆಯಲ್ಲಿ ಕೂತು ಕೆರೆಮಣ್ಣಿನಲ್ಲಿ ಅವ್ವನ ಎರಡು ಕೈಗಳನ್ನು ಮಾಡುತ್ತಿದ್ದಾಳೆ. ಬೆರಳು ಒಣಗಿ ಬಿರುಕು ಬಿಡುತ್ತಿವೆ ಎಂದು ಫೋಟೊ ಕಳಿಸಿದಳು. ಒದ್ದೆ ಬಟ್ಟೆ ಹೊದಿಸಿ ನಿಧಾನಕ್ಕೆ ಒಣಗಿಸು ಎಂದೆ. ಮುಂದಿನ ವಾರ ಕಾಕಾನನ್ನೂ ಕರೆದುಕೊಂಡು ಮೂವರೂ ದಾವಣಗೆರೆಗೆ ಹೋಗುವವರಿದ್ದೇವೆ. ‘ಬರೇ ನೋಡಿ ಬರೂದು, ಆಮ್ಯಾಗ ವಿಚಾರ ಮಾಡೂಣು’ ಎಂದಿದ್ದಾರೆ ಕಾಕಾ.