ಕ್ಲೆಮೆಂಟೆ ಆ ವಿಮಾನ ಹತ್ತಬೇಕಿತ್ತೇ?



ಬೇಸ್‌ಬಾಲ್ ಆಟಗಾರ ರಾಬರ್ಟೊ ಕ್ಲೆಮೆಂಟೆ ಅವರ ಕಥೆ ಕೇಳಿದ ಮೇಲೆ ನಮ್ಮ ತರಗತಿಯಲ್ಲಿ ಎರಡು ಪಾರ್ಟಿ ಆಗಿದೆ. ಹೆಂಡತಿ ಮತ್ತು ಮೂರು ಚಿಕ್ಕ ಮಕ್ಕಳನ್ನು ಬಿಟ್ಟು ಅವರು ಹಳೇ ವಿಮಾನ ಹತ್ತಿದ್ದು ತಪ್ಪು, ಸಾಮಾನು ಕಳಿಸಿದ್ರೆ ಸಾಕಿತ್ತು ಅಂತ ಒಂದು ಪಾರ್ಟಿ. ನಾನು ಇನ್ನೊಂದು ಪಾರ್ಟಿ. ಆದ್ರೆ ಪೂರ್ತಿ ಅಲ್ಲ.

ಬೇಸ್‌ಬಾಲ್ ಗೊತ್ತಿಲ್ಲದವರಿಗೆ ಹೇಳ್ತೀನಿ. ಅದು ಕ್ರಿಕೆಟ್ ತರಹ, ಆದ್ರೆ ಬ್ಯಾಟು ಒನಕೆ ಹಾಗೆ ಗುಂಡಗಿರುತ್ತೆ. ಕ್ಲೆಮೆಂಟೆ 1934ರಲ್ಲಿ ಪೋರ್ಟೊ ರಿಕೊ ದ್ವೀಪದಲ್ಲಿ ಹುಟ್ಟಿದರು. 1955ರಿಂದ 1972ರವರೆಗೆ ಅಮೆರಿಕದ ಪಿಟ್ಸ್‌ಬರ್ಗ್ ಪೈರೇಟ್ಸ್ ತಂಡಕ್ಕೆ ಆಡಿದರು. ಸರಿಯಾಗಿ 3000 ಹಿಟ್ ಹೊಡೆದರು. ಅಲ್ಲಿಯವರು ಅವರನ್ನು 'ಬಾಬ್' ಅಂತ ಕರೀತಿದ್ರಂತೆ. ನನ್ನ ಹೆಸರು ರಾಬರ್ಟೊ ಅಂತ ಇವರು ಬಿಡದೆ ಹೇಳ್ತಿದ್ರು. ಇದು ನನಗೆ ತುಂಬಾ ಇಷ್ಟವಾಯ್ತು.

1972ರ ಡಿಸೆಂಬರ್ 23ರಂದು ನಿಕರಾಗುವ ದೇಶದ ಮನಾಗುವಾ ಪಟ್ಟಣದಲ್ಲಿ ಭೂಕಂಪ ಆಯ್ತು. ಸಾವಿರಾರು ಜನ ಸತ್ತರು. ಸ್ವಲ್ಪ ದಿನದ ಹಿಂದೆಯಷ್ಟೇ ಕ್ಲೆಮೆಂಟೆ ಒಂದು ತಂಡ ಕರಕೊಂಡು ಅದೇ ಊರಿಗೆ ಹೋಗಿದ್ದರು. ಅಲ್ಲಿನ ಜನ ಅವರಿಗೆ ಗುರುತು. ಕೂಡಲೇ ಊಟ, ಬಟ್ಟೆ, ಔಷಧಿ ಕೂಡಿಸಿ ವಿಮಾನದಲ್ಲಿ ಕಳಿಸಿದರು. ಆದ್ರೆ ಅಲ್ಲಿನ ಸರ್ಕಾರದ ಸೈನಿಕರು ಸಾಮಾನನ್ನು ತಾವೇ ಹೊಡ್ಕೊತಿದ್ದಾರೆ ಅಂತ ಸುದ್ದಿ ಬಂತು. ತಾನೇ ಜೊತೆಗೆ ಹೋದರೆ ಕದಿಯೋಕೆ ಹೆದರ್ತಾರೆ ಅಂತ ಅವರು ಹೊರಟರು.

ಈಗ ಹೇಳಿ, ಕಳಿಸಿದ್ರೆ ಸಾಕಿತ್ತಾ? ಮೊದಲು ಕಳಿಸಿಯೇ ಇದ್ರಲ್ಲ! ಹಸಿದವರ ಕೈಗೆ ಸೇರದ ಅಕ್ಕಿ ಕೊಟ್ಟ ಹಾಗಾಗುತ್ತಾ? ಅದಕ್ಕೇ ಹೋಗಿದ್ದು ಸರಿ ಅಂತೀನಿ.

ಆದ್ರೆ ಆ ವಿಮಾನ ಸರಿ ಇರಲಿಲ್ಲ. ಅದೇ ತಿಂಗಳು ಒಂದು ಸಲ ಕೆಟ್ಟಿತ್ತು. ಹೊರಬೇಕಾದ್ದಕ್ಕಿಂತ ಸುಮಾರು 1900 ಕಿಲೋ ಜಾಸ್ತಿ ತುಂಬಿದ್ದರು. ಡಿಸೆಂಬರ್ 31ರ ರಾತ್ರಿ ಹಾರಿ ಸ್ವಲ್ಪ ಹೊತ್ತಿಗೇ ಸಮುದ್ರಕ್ಕೆ ಬಿತ್ತು. ಒಳಗಿದ್ದ ಐದೂ ಜನ ಹೋದರು. ಕ್ಲೆಮೆಂಟೆ ಅವರ ದೇಹ ಸಿಗಲೇ ಇಲ್ಲ. ಅವರಿಗೆ 38 ವರ್ಷ. ಪುಣ್ಯದ ಕೆಲಸ ಅಂತ ಭಾರ ಕಡಿಮೆ ಆಗಲ್ಲ. ತುಂಬಿಸಿದವರು ತೂಕ ನೋಡಬೇಕಿತ್ತು. ಇವರೂ ಒಂದು ದಿನ ತಡೆದು ಬೇರೆ ವಿಮಾನ ಕೇಳಬಹುದಿತ್ತು. ಇಷ್ಟು ಮಾತ್ರ ಆ ಪಾರ್ಟಿಯವರದ್ದು ಸರಿ.

ಈಗ ಪ್ರತಿ ವರ್ಷ ಸಮಾಜಸೇವೆ ಮಾಡಿದ ಒಬ್ಬ ಬೇಸ್‌ಬಾಲ್ ಆಟಗಾರನಿಗೆ ಅವರ ಹೆಸರಿನಲ್ಲಿ ಪ್ರಶಸ್ತಿ ಕೊಡ್ತಾರೆ. ನನಗೆ ಮಾತ್ರ ನೆನಪಾಗೋದು ಅವರ ಜೊತೆ ಆಡುತ್ತಿದ್ದ ಮ್ಯಾನಿ ಸಾಂಗಿಯೆನ್. ಎಲ್ಲರೂ ಶ್ರದ್ಧಾಂಜಲಿ ಸಭೆಗೆ ಹೋದಾಗ ಅವರೊಬ್ಬರು ಹೋಗಲಿಲ್ಲ. ಸಮುದ್ರದಲ್ಲಿ ಮುಳುಗಿ ಮುಳುಗಿ ಗೆಳೆಯನನ್ನು ಹುಡುಕುತ್ತಿದ್ದರು.

ನನ್ನ ಮಾತು ಒಪ್ಪದವರು ಮುಂದಿನ ಸಂಚಿಕೆಗೆ ಬರೆಯಿರಿ.