ಚಳಿಗಾಲದ ಬಾಸು ಮತ್ತು ನನ್ನ ಮೂರಿಂಚಿನ ರಬ್ಬರ್ ಮೀನು

ಶೀರ್ಷಿಕೆ ನೋಡಿ, ಆಫೀಸಿನ ಬಾಸ್‌ಗೆ ಚೆನ್ನಾಗಿ ಬೈದಿದ್ದಾನೆ ಅಂದುಕೊಂಡು ಓಡಿ ಬಂದವರು ಕ್ಷಮಿಸಬೇಕು. ಇದು ನೀರಿನೊಳಗಿನ ಬಾಸ್. ಲಾರ್ಜ್‌ಮೌತ್ ಬಾಸ್ ಅಂತ ಪೂರ್ತಿ ಹೆಸರು. ಹಸಿರು ಮೈ, ಪಕ್ಕದಲ್ಲಿ ಕಪ್ಪು ಪಟ್ಟೆ, ಮುಷ್ಟಿ ತೂರಿಸಬಹುದಾದಂಥ ಬಾಯಿ. ಆದರೂ ಆಫೀಸಿನ ಬಾಸ್ ಕೂಡ ಸ್ವಲ್ಪ ಬರುತ್ತಾರೆ, ತಾಳಿ :-)

ಸಸ್ಯಾಹಾರಿ ಗೆಳೆಯರು ಮುಖ ಸಿಂಡರಿಸಬೇಡಿ. ನಾನು ಹಿಡಿದ ಬಾಸನ್ನು ವಾಪಸ್ ನೀರಿಗೇ ಬಿಡುತ್ತೇನೆ. ಹಾಗಾದರೆ ಹಿಡಿಯೋದು ಯಾಕೆ ಅಂತ ಅಮ್ಮ ಫೋನಿನಲ್ಲಿ ಕೇಳುತ್ತಲೇ ಇರುತ್ತಾಳೆ. ಶೃಂಗೇರಿಗೆ ಹೋದರೆ ಮೀನಿಗೆ ಮಂಡಕ್ಕಿ ಹಾಕಿ ಕೈಮುಗಿದು ಬರೋ ಮನೆತನ ನಮ್ಮದು. ಅವಳಿಗೆ ಕೊಡಲು ಸರಿಯಾದ ಉತ್ತರ ಇನ್ನೂ ಸಿಕ್ಕಿಲ್ಲ.

ವಿಷಯಕ್ಕೆ ಬರ್ತೀನಿ. ಇಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಚಳಿಗಾಲ ಬಂತೆಂದರೆ ಬಾಸ್ ಹಿಡಿಯುವವರ ಬಾಯಲ್ಲಿ ಒಂದೇ ಮಾತು: ಸ್ವಿಮ್‌ಬೇಟ್. ಅಂದರೆ ನಿಜವಾದ ಮೀನಿನ ಹಾಗೆ ಈಜುವ ನಕಲಿ ಮೀನು. ಮೆತ್ತನೆ ರಬ್ಬರಿನಂಥ ಪ್ಲಾಸ್ಟಿಕ್ಕಿನದು, ಮರದ್ದು, ಕೀಲು ಕೀಲಾಗಿ ಬಳುಕುವ ಗಟ್ಟಿ ಪ್ಲಾಸ್ಟಿಕ್ಕಿನದು, ಎಲ್ಲಾ ಥರದ್ದೂ ಇವೆ. "ಚಳಿಗಾಲದಲ್ಲಿ ದೊಡ್ಡ ಬಾಸ್ ಬೇಕಾ? ದೊಡ್ಡ ಸ್ವಿಮ್‌ಬೇಟ್ ಎಸಿ" ಅನ್ನುವುದು ಇಲ್ಲಿಯ ವೇದವಾಕ್ಯ. ನನ್ನ ತಕರಾರು ಇರುವುದು ಈ ವಾಕ್ಯದ ಮೇಲೆ.

ಮೊದಲು ಆ ಕಡೆಯ ನ್ಯಾಯ ಹೇಳಿಬಿಡುತ್ತೇನೆ. 1959ರಲ್ಲಿ ಫ್ಲಾರಿಡಾ ತಳಿಯ ಬಾಸ್ ತಂದು ಸ್ಯಾನ್ ಡಿಯಾಗೋ ಕಡೆಯ ಕೆರೆಗೆ ಬಿಟ್ಟರು. ಭಾರೀ ಗಾತ್ರಕ್ಕೆ ಬೆಳೆಯುವ ತಳಿ ಅದು. ಅದೇ ಕೆರೆಗಳಿಗೆ ಚಳಿಗಾಲದಲ್ಲಿ, ಜನ ಹಿಡಿಯಲಿ ಅಂತ, ಲಾರಿಯಲ್ಲಿ ರೇನ್‌ಬೋ ಟ್ರೌಟ್ ತಂದು ಸುರಿಯುತ್ತಾರೆ. ಜನರಿಗಿಂತ ಮೊದಲು ಬಾಸ್ ಎಲೆ ಹಾಕಿಕೊಂಡು ಕೂತಿರುತ್ತದೆ! ಹೀಗೆ ಟ್ರೌಟ್ ತಿಂದು ಕೊಬ್ಬಿದ ಬಾಸ್ ಹಿಡಿಯಲು ಅಲನ್ ಕೋಲ್ ಎಂಬಾತ ಮರದಲ್ಲಿ ಟ್ರೌಟಿನ ಆಕಾರ ಮಾಡಿದ. ಅದೇ ಎಸಿ ಪ್ಲಗ್. ಆಮೇಲೆ ಮೆತ್ತನೆ ಪ್ಲಾಸ್ಟಿಕ್ಕಿನವು ಬಂದವು. 2000ದಲ್ಲಿ ಬೈರನ್ ವೆಲ್ವಿಕ್ ಕ್ಲಿಯರ್ ಲೇಕಿನ ಪಂದ್ಯವನ್ನು ಸ್ವಿಮ್‌ಬೇಟ್ ಎಸೆದೇ ಗೆದ್ದ. ಮೂರು ದಿನದಲ್ಲಿ 83 ಪೌಂಡಿಗೂ ಮಿಕ್ಕಿ ತೂಕ. ಅಲ್ಲಿಂದ ಮುಂದೆ ಈ ಹುಚ್ಚು ಕ್ಯಾಲಿಫೋರ್ನಿಯಾ ಬಿಟ್ಟು ಹೊರಗೂ ಹಬ್ಬಿತು. ಅಂದರೆ ದೊಡ್ಡ ಸ್ವಿಮ್‌ಬೇಟ್ ಸುಳ್ಳಲ್ಲ.

ಆದರೆ ಅದು ಯಾರಿಗೆ ನಿಜ? ದೋಣಿ ಇರುವವರಿಗೆ, 8 ಇಂಚಿನ ನಕಲಿ ಟ್ರೌಟ್ ಎಸೆಯಲು ಒನಕೆಯಂಥ ರಾಡ್ ಇರುವವರಿಗೆ, ಇಡೀ ಚಳಿಗಾಲದಲ್ಲಿ ಎರಡೇ ಮೀನು ಸಿಕ್ಕರೂ ಪರವಾಗಿಲ್ಲ ಅನ್ನುವ ಗುಂಡಿಗೆ ಇರುವವರಿಗೆ. ನನ್ನಂಥ ದಡದ ಗಿರಾಕಿಗಲ್ಲ. ಈ ವ್ಯತ್ಯಾಸ ಗೊತ್ತಿಲ್ಲದೆ ನಾನೂ ಒಂದು ಡಬ್ಬಿ ತುಂಬಿಸಿದ್ದೆ. ಒಂದೊಂದಕ್ಕೆ 25-30 ಡಾಲರ್. ಮೊದಲನೆಯದು ಎರಡನೇ ಎಸೆತಕ್ಕೇ ನೀರೊಳಗಿನ ಮರಕ್ಕೆ ಅರ್ಪಣೆ. ಹೆಂಡತಿ ಕೇಳಿದ್ದು ಒಂದೇ ಪ್ರಶ್ನೆ: "ರೀ, ಅಷ್ಟು ದುಡ್ಡಿಗೆ ನಿಜವಾದ ಮೀನೇ ಎಷ್ಟು ಬರ್ತಿತ್ತು?" ಆ ಚಳಿಗಾಲ ಪೂರ್ತಿ ನನಗೆ ಸಿಕ್ಕಿದ್ದು 3 ಬಾಸ್.

ಇನ್ನು ಆಫೀಸಿನ ಬಾಸ್. 2023ರ ನವೆಂಬರಿನಲ್ಲಿ ಒಂದು ಬೆಳಿಗ್ಗೆ ಲ್ಯಾಪ್‌ಟಾಪ್ ತೆಗೆದರೆ ಪಾಸ್‌ವರ್ಡ್ ಒಪ್ಪುತ್ತಿಲ್ಲ. ಹತ್ತು ನಿಮಿಷದಲ್ಲಿ ವಿಷಯ ತಿಳಿಯಿತು. ಅದರ ಬಗ್ಗೆ ಹೆಚ್ಚು ಬರೆಯೋದಿಲ್ಲ, ಅನುಭವಿಸಿದವರು ನಿಮ್ಮಲ್ಲೂ ಇದ್ದೀರಿ. ಮನೆಯ ಖರ್ಚಿನ ಪಟ್ಟಿಯಲ್ಲಿ ಮೊದಲು ಕಾಟು ಬಿದ್ದದ್ದು ನನ್ನ ಮೀನಿನ ಸಾಮಾನಿಗೆ. ದೊಡ್ಡ ಬೇಟ್‌ಗಳನ್ನೂ ದೊಡ್ಡ ರಾಡನ್ನೂ ಮಾರಿಬಿಟ್ಟೆ. ಉಳಿದದ್ದು ಒಂದು ಹಗುರ ರಾಡ್, ಏಳೆಂಟು ಡಾಲರಿನ ಪೊಟ್ಟಣದಲ್ಲಿ ಬರುವ ಮೂರಿಂಚಿನ ರಬ್ಬರ್ ಮೀನುಗಳು, ಒಂದು ಹಿಡಿ ಜಿಗ್ ಹೆಡ್. ಅಂದರೆ ತಲೆಯ ಭಾಗದಲ್ಲಿ ಸೀಸದ ಗುಂಡು ಇರುವ ಗಾಳ. ಲೈಸೆನ್ಸ್ ಆಗಲೇ ಇತ್ತು. ಅದರ ಅವಧಿ ಮುಗಿದಾಗ ಮತ್ತೆ ಲೈಸೆನ್ಸ್ ಮಾಡಿಸಿದ್ದು ಹೆಂಡತಿ, ನನಗೆ ಹೇಳದೆ.

ವಾರಕ್ಕೆರಡು ಮಧ್ಯಾಹ್ನ ಲಿವರ್‌ಮೋರಿನ ಶಿವ-ವಿಷ್ಣು ದೇವಸ್ಥಾನಕ್ಕೊಂದು ನಮಸ್ಕಾರ ಹಾಕಿ, ಅಲ್ಲಿಂದ ಗುಡ್ಡ ಹತ್ತಿ ಇಳಿದು ಡೆಲ್ ವ್ಯಾಲೆ ಕೆರೆಗೆ ಹೋಗುತ್ತಿದ್ದೆ. ಬೇರೆ ಬೇಟ್ ಇಲ್ಲದ್ದರಿಂದ ಬದಲಾಯಿಸುವ ಪ್ರಶ್ನೆಯೇ ಇಲ್ಲ. ಬದಲಾಯಿಸಬಹುದಾಗಿದ್ದು ಒಂದೇ, ನಾನು ಸುತ್ತುವ ವೇಗ. ಕಲಿತದ್ದೆಲ್ಲ ಅಲ್ಲಿಂದ ಶುರು.

ಬಾಸ್ ತಣ್ಣನೆ ರಕ್ತದ ಪ್ರಾಣಿ. ನೀರು 50 ಡಿಗ್ರಿ ಫ್ಯಾರನ್‌ಹೀಟಿಗೆ, ಅಂದರೆ 10 ಸೆಲ್ಸಿಯಸ್ಸಿಗೆ ಬಂದಾಗ ಅದರ ಮೈಯೊಳಗಿನ ಕೆಲಸವೆಲ್ಲ ನಿಧಾನ. ತಿಂದದ್ದು ಅರಗಲು ಹೊತ್ತು ಬೇಕು, ಹಸಿವು ಅಪರೂಪ. ಬೇಟೆಯ ಹಿಂದೆ ದೂರ ಓಡುವ ಮನಸ್ಸೇ ಇಲ್ಲ. ಮೂಗಿನ ಮುಂದೆ, ಶ್ರಮವಿಲ್ಲದೆ ಸಿಗುವಂತೆ ಏನಾದರೂ ಹಾದುಹೋದರೆ ಬಾಯಿ ತೆರೆಯುತ್ತದೆ, ಅಷ್ಟೆ. ಹಾಗಾಗಿ ಚಳಿಗಾಲಕ್ಕೆ ಸ್ವಿಮ್‌ಬೇಟ್ ಆರಿಸುವಾಗ ಕೇಳಬೇಕಾದ ಪ್ರಶ್ನೆ "ಎಷ್ಟು ದೊಡ್ಡದು?" ಅಲ್ಲ, "ಎಷ್ಟು ನಿಧಾನಕ್ಕೆ ಎಳೆದರೂ ಇದರ ಬಾಲ ಆಡುತ್ತದೆ?" ಅನ್ನೋದು.

ಪರೀಕ್ಷೆ ಸುಲಭ. ಕಾಲ ಬಳಿಯ ತಿಳಿನೀರಿನಲ್ಲಿ ಬೇಟನ್ನು ಇಳಿಬಿಟ್ಟು, ಅಜ್ಜಿ ದೇವಸ್ಥಾನದ ಪ್ರದಕ್ಷಿಣೆ ಹಾಕುವ ವೇಗದಲ್ಲಿ ಎಳೆಯಿರಿ. ಬಾಲ ಅಲ್ಲಾಡಿದರೆ ಇಟ್ಟುಕೊಳ್ಳಿ, ಇಲ್ಲದಿದ್ದರೆ ಬೇಸಿಗೆಗೆ ಎತ್ತಿಡಿ. ಚಳಿಗೆ ಪ್ಲಾಸ್ಟಿಕ್ ಬಿರುಸಾಗುತ್ತದೆ. ಜುಲೈನಲ್ಲಿ ಕುಣಿಯುವ ಬಾಲ ಜನವರಿಯಲ್ಲಿ ಕೋಲಿನಂತಾಗುವುದುಂಟು. ಆದ್ದರಿಂದ ಮೆತ್ತನೆಯದು, ಬಾಲದ ಬುಡ ತೆಳ್ಳಗಿರುವುದು ಒಳ್ಳೆಯದು. 3ರಿಂದ 4 ಇಂಚು ಸಾಕು. ಕೆರೆಯಲ್ಲಿ ಬಾಸ್ ದಿನನಿತ್ಯ ತಿನ್ನುವ ಶಾಡ್, ಬ್ಲೂಗಿಲ್ ಮರಿಗಳೂ ಹೆಚ್ಚುಕಡಿಮೆ ಅಷ್ಟೇ ಇರುತ್ತವೆ. ಬಣ್ಣದ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ: ನೀರು ತಿಳಿ ಇದ್ದರೆ ಬೂದು-ಬಿಳಿ, ಮಳೆ ಬಂದು ಕೆಂಪಾಗಿದ್ದರೆ ಕಣ್ಣಿಗೆ ಹೊಡೆಯುವ ಗಿಳಿಹಸಿರು ಹಳದಿ ಅಥವಾ ಗಾಢ ಬಣ್ಣ.

ತೂಕದ ಆಯ್ಕೆ ಬಣ್ಣಕ್ಕಿಂತ ಮುಖ್ಯ. 1/8 ಔನ್ಸ್, ಅಂದರೆ ಸುಮಾರು ಮೂರೂವರೆ ಗ್ರಾಂ, ನನ್ನ ಮಾಮೂಲಿ. ಹಗುರವಾದಷ್ಟೂ ನಿಧಾನ ಮುಳುಗುತ್ತದೆ, ನಿಧಾನ ಎಳೆದರೂ ತಳದ ಕಲ್ಲಿಗೆ ಸಿಕ್ಕಿಕೊಳ್ಳುವುದು ಕಡಿಮೆ. ಗಾಳಿ ಜೋರಿದ್ದರೆ ಮಾತ್ರ 1/4. ಇಲ್ಲದಿದ್ದರೆ ದಾರ ಗಾಳಿಪಟವಾಗುತ್ತದೆ! ದಾರ 6 ಅಥವಾ 8 ಪೌಂಡಿನ ಫ್ಲೋರೋಕಾರ್ಬನ್. ಸಣ್ಣಗಿರುತ್ತದೆ, ನೀರಿನಲ್ಲಿ ಮುಳುಗುತ್ತದೆ.

ಜಾಗ: ಆಳ ನೀರಿಗೆ ಸರಕ್ಕನೆ ಇಳಿಯುವ ಕಲ್ಲಿನ ದಡ. ಅಲ್ಲಿ ಮೀನು ದೂರ ಈಜದೆ ಮೇಲೆ ಕೆಳಗೆ ಮಾತ್ರ ಸರಿದು ತನಗೆ ಬೇಕಾದ ಬಿಸುಪು ಹುಡುಕಿಕೊಳ್ಳಬಹುದು. ಕೆರೆಯ ಉತ್ತರ ದಡಕ್ಕೆ ಚಳಿಗಾಲದ ಬಿಸಿಲು ಚೆನ್ನಾಗಿ ಬೀಳುತ್ತದೆ. ಎರಡು ಮೂರು ದಿನ ಸತತ ಬಿಸಿಲಿದ್ದ ಮೇಲೆ ಮಧ್ಯಾಹ್ನ ಹನ್ನೆರಡರಿಂದ ನಾಲ್ಕು. ಬೆಳಗಿನ ಜಾವ ಎದ್ದು ನಡುಗುವ ಶೌರ್ಯ ಬೇಡ.

ಎಸೆದು, ತಳ ಮುಟ್ಟುವವರೆಗೆ ಎಣಿಸಿ. ಮುಂದಿನ ಸಲ ಎರಡು ಎಣಿಕೆ ಮೊದಲೇ ಸುತ್ತಲು ಶುರು ಮಾಡಿ. ರೀಲಿನ ಹಿಡಿಕೆ ಒಂದು ಸುತ್ತಿಗೆ ಎರಡು ಮೂರು ಸೆಕೆಂಡು. ಕಲ್ಲಿಗೆ ತಾಗಿದರೆ ಒಂದು ಕ್ಷಣ ನಿಲ್ಲಿಸಿ. ಇಷ್ಟು ಬರೆಯುವುದು ಸುಲಭ. ಕೆಲಸ ಹೋದ ಮೊದಲ ವಾರಗಳಲ್ಲಿ ನನ್ನ ಕೈ ಕೇಳುತ್ತಲೇ ಇರಲಿಲ್ಲ. ತಲೆಯಲ್ಲಿ ಇಂಟರ್‌ವ್ಯೂ, ಬಾಡಿಗೆ, ಮಗಳ ಫೀಸು ಓಡುತ್ತಿದ್ದ ವೇಗಕ್ಕೇ ರೀಲೂ ಓಡುತ್ತಿತ್ತು. ಒಂದೂ ಮೀನು ಮುಟ್ಟಲಿಲ್ಲ. ಕೊನೆಗೆ ಬಾಯಲ್ಲಿ ಒಂದರಿಂದ ಹತ್ತರ ಮಗ್ಗಿ ಹೇಳಿಕೊಳ್ಳುತ್ತಾ ಸುತ್ತತೊಡಗಿದೆ. ಎರಡರ ಮಗ್ಗಿ ಮುಗಿಯುವಷ್ಟರಲ್ಲಿ ಬೇಟು ದಡಕ್ಕೆ ಬಂದರೆ ವೇಗ ಜಾಸ್ತಿ ಆಯ್ತು ಅಂತ ಲೆಕ್ಕ.

ಜನವರಿಯಲ್ಲಿ ಒಂದು ದಿನ, ನಾಲ್ಕರ ಮಗ್ಗಿಯಲ್ಲಿದ್ದೆ. ದಾರ ಭಾರವಾಯಿತು. ಎಳೆತ ಇಲ್ಲ, ಜಗ್ಗು ಇಲ್ಲ. ಒದ್ದೆ ಬಟ್ಟೆ ಸಿಕ್ಕಿಕೊಂಡ ಹಾಗೆ. ಚಳಿಗಾಲದ ಬಾಸ್ ಕಚ್ಚುವುದೇ ಹೀಗೆ. ಇಲ್ಲಿ ಝಾಡಿಸಿ ಎಳೆದರೆ ಕೆಟ್ಟಿರಿ. ಸುತ್ತುತ್ತಲೇ ಇದ್ದು, ರಾಡನ್ನು ಮೆಲ್ಲಗೆ ಎತ್ತಬೇಕು. ಎತ್ತಿದೆ. ಒದ್ದೆ ಬಟ್ಟೆ ತಲೆ ಕೊಡವಿತು! ನಾಲ್ಕು ಪೌಂಡಿನ ಹತ್ತಿರದ ಹೆಣ್ಣು ಮೀನು. ಕೈ ಒದ್ದೆ ಮಾಡಿಕೊಂಡು, ತುಟಿಯಂಚಿಗೆ ಸಿಕ್ಕಿದ್ದ ಒಂಟಿ ಗಾಳ ಬಿಡಿಸಿ, ನೀರಿಗೆ ಇಳಿಸಿದೆ. ಫೋಟೋ ತೆಗೆಯಲಿಲ್ಲ. ಎರಡು ತಿಂಗಳಲ್ಲಿ ಮೊದಲ ಬಾರಿ, ಮನೆಗೆ ಹೋಗುವಾಗ ಈಮೇಲ್ ನೋಡದೆ ಕಾರು ಹತ್ತಿದೆ.

ಆ ಚಳಿಗಾಲದ ಲೆಕ್ಕ: 19 ಸಲ ಹೋದೆ, 11 ಬಾಸ್. ಖರ್ಚಾದದ್ದು ಮೂರು ಪೊಟ್ಟಣ.

"ಅಯ್ಯಾ, ನಿನಗೆ ಆಗ ಪುರುಸೊತ್ತಿತ್ತು, ಅದಕ್ಕೇ ಸಿಕ್ಕವು" ಅಂತ ನೀವು ಹೇಳಬಹುದು. ಒಪ್ಪಿದೆ, ಅರ್ಧ. ಆದರೆ ದುಬಾರಿ ಡಬ್ಬಿ ಇದ್ದ ವರ್ಷ ಪುರುಸೊತ್ತು ಸಿಕ್ಕ ದಿನವೂ ನಾನು ಮಾಡಿದ್ದೇನು? ಹತ್ತು ಎಸೆತಕ್ಕೊಮ್ಮೆ ಬೇಟ್ ಬದಲಾಯಿಸಿದ್ದು. ತಪ್ಪು ಬೇಟಿನದು ಅಂತ ನಂಬಲು ಇನ್ನೊಂದು ಬೇಟು ಸದಾ ಕೈಯಲ್ಲಿತ್ತು. "ಹಾಗಾದರೆ ಎರೆಹುಳ ಸಿಕ್ಕಿಸಿ ಸುಮ್ಮನೆ ಕೂರು" ಅಂದರೆ, ಹುಳವನ್ನು ಮೀನು ಗಾಳದ ಸಮೇತ ಗಂಟಲೊಳಗೆ ನುಂಗುವುದು ಜಾಸ್ತಿ. ಬಿಟ್ಟು ಬರಬೇಕಾದ ಮೀನಿಗೆ ಅದು ಅನ್ಯಾಯ.

ಈಗ ಕೆಲಸ ಇದೆ, ಸಂಬಳ ಬರುತ್ತಿದೆ. ಅಂಗಡಿಗೆ ಹೋದಾಗ ಎಂಟಿಂಚಿನ ಟ್ರೌಟುಗಳು ಈಗಲೂ ಕಣ್ಣು ಹೊಡೆಯುತ್ತವೆ. ಕೈಯಲ್ಲಿ ಹಿಡಿದು, ಬಣ್ಣ ಮೆಚ್ಚಿ, ವಾಪಸ್ ತೂಗುಹಾಕಿ ಬರುತ್ತೇನೆ. ಹೊಸದಾಗಿ ಶುರು ಮಾಡುವವರಿಗೆ ನಾನು ಹೇಳುವುದಿಷ್ಟೇ: ಮೊದಲ ಚಳಿಗಾಲ ಒಂದೇ ಪೊಟ್ಟಣ ಕೊಳ್ಳಿ, ಇನ್ನೊಂದು ಕೊಳ್ಳುವ ಮೊದಲು ಕೈ ನಿಧಾನ ಮಾಡಿಕೊಳ್ಳಿ.

ಅಮ್ಮನ ಪ್ರಶ್ನೆಗೆ ಉತ್ತರ ಬಾಕಿ ಇದೆ, ನಿಮಗೇನಾದರೂ ಹೊಳೆದರೆ ಹೇಳಿ. ಶನಿವಾರ ಬಿಸಿಲಂತೆ, ನಾನಂತೂ ಕೆರೆಗೆ ಹೊರಟೆ :-)